ಜರೀನಾ: ಪೇಪರ್ ಲೈಕ್ ಸ್ಕಿನ್

ಮುದ್ರಣ ಕಲಾವಿದೆ ಜರೀನಾ ಹಾಶ್ಮಿ (1937–2020) ಅವರ ಮೊದಲ ಸಿಂಹಾವಲೋಕನ ಪ್ರದರ್ಶನಕ್ಕಾಗಿ 2012ರಲ್ಲಿ ಸಿದ್ಧವಾದ ಸಚಿತ್ರ ಕ್ಯಾಟಲಾಗ್. ಹೆಸರಿನ ಅರ್ಥ ‘ಚರ್ಮದಂಥ ಕಾಗದ’. 1961ರಿಂದೀಚಿನ ಸುಮಾರು 60 ಕೃತಿಗಳಿದ್ದ ಪ್ರದರ್ಶನ ಲಾಸ್ ಏಂಜಲೀಸ್‌ನ ಹ್ಯಾಮರ್ ಮ್ಯೂಸಿಯಂನಲ್ಲಿ ಮೊದಲಾಗಿ, 2013ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್‌ಗೂ ಆಮೇಲೆ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ಗೂ ಹೋಯಿತು. ಪ್ರದರ್ಶನ ರೂಪಿಸಿದ ಅಲೆಗ್ರಾ ಪೆಸೆಂಟಿ ಅವರೇ ಪುಸ್ತಕವನ್ನೂ ಕಟ್ಟಿದರು. ಆಮಿರ್ ಮುಫ್ತಿ, ಸಂಧಿನಿ ಪೊದ್ದಾರ್ ಅವರ ಬರಹಗಳೂ ಇದರಲ್ಲಿವೆ.

ಅಚ್ಚಿನ ಚಿತ್ರಗಳ ಕ್ಯಾಟಲಾಗ್ ಮಾಡುವುದು ವರ್ಣಚಿತ್ರದ್ದಕ್ಕಿಂತ ತುಸು ತೊಡಕಿನ ಕೆಲಸ. ಕ್ಯಾನ್ವಾಸ್ ಒಂದೇ ಇರುತ್ತದೆ, ಅಚ್ಚಿಗೆ ಪ್ರತಿಗಳಿರುತ್ತವೆ. ಹಾಗಾಗಿ ವರ್ಷ, ತಂತ್ರ, ಕಾಗದದ ಜಾತಿ, ಬಿಂಬದ ಅಳತೆ, ಹಾಳೆಯ ಅಳತೆ, ಒಟ್ಟು ಎಷ್ಟು ಪ್ರತಿ ತೆಗೆದರು ಎಂಬುದೆಲ್ಲ ದಾಖಲಾಗಬೇಕು. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 7/25 ಎಂದಿದ್ದರೆ ಅದು ಇಪ್ಪತ್ತೈದರಲ್ಲಿ ಏಳನೆಯ ಪ್ರತಿ. ಜರೀನಾ ಅವರ ‘ಹೋಮ್ ಈಸ್ ಎ ಫಾರಿನ್ ಪ್ಲೇಸ್’ (1999) 36 ಮರದಚ್ಚುಗಳ ಸಂಪುಟ; ತೆಗೆದದ್ದು 25 ಪ್ರತಿ. ಮನೆ, ಹೊಸ್ತಿಲು, ಅಂಗಳ, ದೂರ ಎಂದು ಒಂದೊಂದು ಹಾಳೆಗೆ ಒಂದೊಂದು ಉರ್ದು ಪದ. ‘ಮನೆ’ಯ ಹಾಳೆಯಲ್ಲಿರುವುದು ಅವರು ಬೆಳೆದ ಅಲೀಗಢದ ಮನೆಯ ನಕ್ಷೆ.

ಆ ಮನೆಯನ್ನು ಅವರು ಮತ್ತೆ ಸೇರಲಿಲ್ಲ. ತಂದೆ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಮಗಳು ಅಲ್ಲೇ ಗಣಿತ ಓದಿದವರು. 1959ರಲ್ಲಿ ತವರಿನವರು ಕರಾಚಿಗೆ ಹೋದರು. ವಿದೇಶಾಂಗ ಸೇವೆಯಲ್ಲಿದ್ದ ಗಂಡನ ಜೊತೆ ಜರೀನಾ ಊರೂರು ಸುತ್ತಿದರು. ಬ್ಯಾಂಕಾಕ್‌ನಲ್ಲಿ ಮರದಚ್ಚು, 1964ರಿಂದ ಪ್ಯಾರಿಸ್‌ನಲ್ಲಿ ಹೇಯ್ಟರ್ ಅವರ ಮುದ್ರಣ ಕಾರ್ಯಾಗಾರ ‘ಅತೆಲಿಯೇ 17’, 1974ರಲ್ಲಿ ಟೋಕಿಯೊದ ತೋಶಿ ಯೋಶಿದಾ ಅವರ ಕಾರ್ಯಾಗಾರ. ಕೊನೆಗೆ ನ್ಯೂಯಾರ್ಕ್‌ನಲ್ಲಿ ನೆಲೆ.

‘ಡಿವೈಡಿಂಗ್ ಲೈನ್’ (2001) ಅವರ ಹೆಸರಿನೊಡನೆ ಎಲ್ಲರಿಗೂ ನೆನಪಾಗುವ ಮರದಚ್ಚು. ಭಾರತ–ಪಾಕಿಸ್ತಾನ ಗಡಿಯ ಅಂಕುಡೊಂಕು ಗೆರೆ, ಅಷ್ಟೇ. ಗೆರೆಯನ್ನು ಕೆತ್ತಿದ್ದರೆ ಅದು ಬಿಳಿಯಾಗಿ ಮೂಡುತ್ತಿತ್ತು. ಅವರು ಗೆರೆಯೊಂದನ್ನು ಉಳಿಸಿ ಸುತ್ತಲಿನ ಮರವನ್ನೆಲ್ಲ ಉಳಿಯಿಂದ ತೆಗೆದರು. ಕೆತ್ತದೆ ಉಳಿದ ಏಣು ಶಾಯಿ ಹಿಡಿದು ಕಪ್ಪಾಯಿತು. ಇಕ್ಕೆಲದಲ್ಲೂ ಉಳಿಯ ಗುರುತುಗಳು ಚೂರುಚೂರಾಗಿ ಹಾಗೇ ಕಾಣುತ್ತವೆ. ವಿಭಜನೆಯ ಬಗ್ಗೆ ಬಂದಿರುವ ಉದ್ದುದ್ದ ಚಿತ್ರಮಾಲೆಗಳ ನಡುವೆ ಈ ಒಂದು ಗೆರೆಗೆ ಇರುವ ಬಿಗಿ ಬೇರೆ.

ಪುಸ್ತಕ ಸೋಲುವ ಜಾಗವೂ ಇದೆ. ಎಪ್ಪತ್ತರ ದಶಕದಲ್ಲಿ ಜರೀನಾ ಶಾಯಿಯನ್ನೇ ಬಿಟ್ಟು ಬಿಳಿ ಹಾಳೆಯನ್ನು ಸೂಜಿಯಿಂದ ಚುಚ್ಚಿದರು. ಆಮೇಲೆ ಕಾಗದದ ತಿರುಳನ್ನೇ ಅಚ್ಚಿಗೆ ಹೊಯ್ದು ಶಿಲ್ಪ ಮಾಡಿದರು. ಇಂಥವು ಬೆರಳಿಗೆ ತಿಳಿಯುವ ಕೃತಿಗಳು. ಛಾಯಾಗ್ರಾಹಕ ಎಷ್ಟೇ ಓರೆಬೆಳಕು ಹಾಯಿಸಿದರೂ ಕ್ಯಾಟಲಾಗ್‌ನ ನುಣುಪು ಪುಟದಲ್ಲಿ ಸೂಜಿಯ ತೂತು ಬರಿಯ ಚುಕ್ಕೆ.

ಕಾಗದ ಎಂದರೆ ಹಾಳೆಯೂ ಹೌದು, ಪತ್ರವೂ ಹೌದು. ‘ಲೆಟರ್ಸ್ ಫ್ರಮ್ ಹೋಮ್’ (2004) ಎಂಬ ಎಂಟು ಅಚ್ಚುಗಳಿಗೆ ಕನ್ನಡದ ಈ ಎರಡರ್ಥವೂ ಹೊಂದುತ್ತದೆ. ಜರೀನಾ ಅವರ ಅಕ್ಕ ಕರಾಚಿಯಿಂದ ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡಿದ್ದ ಉರ್ದು ಪತ್ರಗಳ ಮೇಲೆ ತಂಗಿ ಮನೆಗಳ, ಊರುಗಳ ನಕ್ಷೆ ಮುದ್ರಿಸಿದ್ದಾರೆ. ಲಿಪಿ ಬಾರದವರಿಗೆ ಅದು ಸಾಲುಸಾಲು ಗೆರೆ. ಉರ್ದು ಬಲ್ಲವರು ಮಾತ್ರ ನಕ್ಷೆಯ ಸಂದಿಯಲ್ಲಿ ಕಣ್ಣು ಕಿರಿದುಮಾಡಿ, ಇನ್ನೊಬ್ಬರ ಮನೆಯ ಕಾಗದ ಓದುತ್ತಾರೆ.