ಅಣ್ಣನ ಕುಲುಮೆ, ತಂಗಿಯ ಮನೆ

ಹವ್ಯಾಸಕ್ಕಾಗಿ ಮನೆಯಲ್ಲೇ ಲೋಹದ ಕೆಲಸ ಮಾಡುವವರು ಇಂದು ಕಡಿಮೆಯೇನಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಒಂದು ಸಣ್ಣ ಲೇತ್, ಒಂದು ಗ್ರೈಂಡರ್, ಎರಕ ಹೊಯ್ಯಲು ಪುಟ್ಟ ಕುಲುಮೆ. ನೆಲ ಎಷ್ಟು ಭಾರ ತಾಳುತ್ತದೆ, ಹೊಗೆ ಎಲ್ಲಿಂದ ಹೊರಗೆ ಹೋಗಬೇಕು ಎಂದೆಲ್ಲ ಅವರು ಮೊದಲೇ ಲೆಕ್ಕ ಹಾಕುತ್ತಾರೆ. ಅದೇ ಸೂರಿನಡಿ ಇರುವ ಉಳಿದವರ ಲೆಕ್ಕವನ್ನು ಹಾಕುವವರು ವಿರಳ. ವಿಜ್ಞಾನದ ಇತಿಹಾಸದ ವಿದ್ಯಾರ್ಥಿಯಾದ ನನ್ನಲ್ಲಿ ಈ ಪ್ರಶ್ನೆಯನ್ನು ಎಬ್ಬಿಸಿದ್ದು ಹದಿನೆಂಟನೆಯ ಶತಮಾನದ ಒಬ್ಬ ಹೆಣ್ಣುಮಗಳ ನೆನಪುಗಳು.

ವಿಲಿಯಂ ಹರ್ಷೆಲ್ ಎಂದರೆ ಯುರೇನಸ್ ಗ್ರಹವನ್ನು ಕಂಡುಹಿಡಿದವನೆಂದು ಶಾಲೆಯಲ್ಲಿ ಓದಿರುತ್ತೇವೆ. ಆದರೆ ಆತನ ವೃತ್ತಿ ಸಂಗೀತ. 1738ರಲ್ಲಿ ಜರ್ಮನಿಯ ಹ್ಯಾನೊವರ್‌ನಲ್ಲಿ ಹುಟ್ಟಿ, ಇಂಗ್ಲೆಂಡಿಗೆ ವಲಸೆ ಬಂದು, ಬಾತ್ ನಗರದ ಆಕ್ಟಗನ್ ಚಾಪೆಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದ. ಊರಿನಲ್ಲಿದ್ದ ತಂಗಿ ಕ್ಯಾರೊಲಿನ್‌ಳನ್ನು ತಾಯಿ ಮನೆಗೆಲಸದವಳಂತೆ ದುಡಿಸಿಕೊಳ್ಳುತ್ತಿದ್ದಳು. ಅವಳ ಬದಲಿಗೆ ಆಳನ್ನು ಇಟ್ಟುಕೊಳ್ಳಲು ತಾಯಿಗೆ ವರ್ಷಾಶನ ಗೊತ್ತುಮಾಡಿ, 1772ರಲ್ಲಿ ವಿಲಿಯಂ ಆಕೆಯನ್ನು ಬಾತ್‌ಗೆ ಕರೆತಂದ. ಆಕೆಯನ್ನು ಗಾಯಕಿಯಾಗಿ ತಯಾರು ಮಾಡುವುದು ಉದ್ದೇಶ.

ಮರುವರ್ಷವೇ ಅಣ್ಣನಿಗೆ ಖಗೋಳದ ಗೀಳು ಹಿಡಿಯಿತು. ದೊಡ್ಡ ದೂರದರ್ಶಕಕ್ಕೆ ಕೊಡುವಷ್ಟು ಹಣವಿರಲಿಲ್ಲ. ಕನ್ನಡಿ ಉಜ್ಜುವ ಹವ್ಯಾಸವಿದ್ದ ಬಾತ್‌ನ ಒಬ್ಬ ಕ್ವೇಕರ್ ಗೃಹಸ್ಥನಿಂದ ಉಪಕರಣಗಳನ್ನೂ ಅರೆಬರೆ ಕನ್ನಡಿಗಳನ್ನೂ ಕೊಂಡು ತಂದ. ಅಲ್ಲಿಗೆ ಮನೆ ಮನೆಯಾಗಿ ಉಳಿಯಲಿಲ್ಲ. ಅಂದವಾಗಿ ಸಜ್ಜುಗೊಳಿಸಿದ್ದ ಹಜಾರದಲ್ಲಿ ಬಡಗಿ ಕೊಳವೆ ಮಾಡತೊಡಗಿದ; ಇನ್ನೊಬ್ಬ ಅಣ್ಣ ಅಲೆಕ್ಸಾಂಡರ್ ಮಲಗುವ ಕೋಣೆಯಲ್ಲೇ ಭಾರೀ ಲೇತ್ ನಿಲ್ಲಿಸಿದ. ಒಂದೊಂದೇ ಕೋಣೆ ಕಾರ್ಯಾಗಾರವಾಗುತ್ತಿದ್ದುದನ್ನು ನೋಡಿ ತನಗಾದ ಸಂಕಟವನ್ನು ಕ್ಯಾರೊಲಿನ್ ಮುಚ್ಚಿಡದೆ ಬರೆದಿದ್ದಾಳೆ. ಬಾತ್‌ನಲ್ಲಿ ಅವರು ಹಲವು ಸಲ ಮನೆ ಬದಲಿಸಿದರು. ಹೋದಲ್ಲೆಲ್ಲ ಕಾರ್ಯಾಗಾರವೂ ಹಿಂದೆಯೇ ಹೋಯಿತು.

ಆ ಕಾಲದ ದೂರದರ್ಶಕದ ಕನ್ನಡಿ ಗಾಜಿನದಲ್ಲ, ಲೋಹದ್ದು. ಸರಿಸುಮಾರು ಎರಡು ಪಾಲು ತಾಮ್ರ, ಒಂದು ಪಾಲು ತವರ. ಕೇರಳದ ಆರನ್ಮುಳ ಕನ್ನಡಿಯೂ ಇದೇ ಬಗೆಯ, ತವರ ಹೆಚ್ಚಿರುವ ಕಂಚು. ತವರ ಹೆಚ್ಚಿದಷ್ಟೂ ಹೊಳಪು ಹೆಚ್ಚು. ಆದರೆ ಲೋಹ ಗಾಜಿನಂತೆ ಪೆಡಸಾಗುತ್ತದೆ, ಎರಕ ಆರುವಾಗಲೇ ಸೀಳಬಹುದು. ಎರಕ ಗೆದ್ದರೂ ಗಂಟೆಗಟ್ಟಲೆ ಉಜ್ಜಬೇಕು, ನಡುವೆ ಕೈ ತೆಗೆದರೆ ಮೇಲ್ಮೈಯ ಆಕಾರ ಕೆಡುತ್ತದೆ. ಒಮ್ಮೆ ಏಳಡಿ ದೂರದರ್ಶಕದ ಕನ್ನಡಿಯಿಂದ ವಿಲಿಯಂ 16 ಗಂಟೆ ಕೈ ತೆಗೆಯಲಿಲ್ಲವಂತೆ. ಕ್ಯಾರೊಲಿನ್ ತುತ್ತು ತುತ್ತಾಗಿ ಆತನ ಬಾಯಿಗೆ ಊಟವಿಟ್ಟಳು. ಬೇಸರವಾಗದಿರಲೆಂದು ಡಾನ್ ಕ್ವಿಕ್ಸೋಟ್, ಅರೇಬಿಯನ್ ನೈಟ್ಸ್ ಓದಿ ಹೇಳುತ್ತಿದ್ದಳು.

ಹೀಗೆ ಮನೆಯಲ್ಲೇ ತಯಾರಾದ ಏಳಡಿ ದೂರದರ್ಶಕದಿಂದ, 19 ನ್ಯೂ ಕಿಂಗ್ ಸ್ಟ್ರೀಟ್‌ನ ಮನೆಯ ಹಿತ್ತಲಿನಲ್ಲಿ ನಿಂತು, 1781ರ ಮಾರ್ಚ್ 13ರ ರಾತ್ರಿ ವಿಲಿಯಂ ಯುರೇನಸ್ ಅನ್ನು ಕಂಡ. ಅದೇ ವರ್ಷ ಮೂರಡಿ ಅಗಲದ ಕನ್ನಡಿಯ ಆಸೆ ಹುಟ್ಟಿತು. ಅಷ್ಟು ದೊಡ್ಡ ಎರಕ ಊರಿನ ಎರಕದ ಮನೆಗಳ ಕೈಲಾಗುವಂಥದ್ದಲ್ಲವೆಂದು ಕುಲುಮೆಯನ್ನು ಮನೆಯೊಳಗೇ ಕಟ್ಟಿದ. ಅಚ್ಚಿಗೆ ಬೇಕಾದದ್ದು ಜೇಡಿಮಣ್ಣು ಮತ್ತು ಕುದುರೆ ಲದ್ದಿ. ಲದ್ದಿಯನ್ನು ರಾಶಿ ರಾಶಿಯಾಗಿ ಒರಳಿನಲ್ಲಿ ಕುಟ್ಟಿ, ಸಣ್ಣ ಜರಡಿ ಹಿಡಿಯಬೇಕು. ಮುಗಿಯದ ಆ ಕೆಲಸ ಹೆಚ್ಚಾಗಿ ಕ್ಯಾರೊಲಿನ್ ಪಾಲಿಗೆ ಬಂತು.

ಆಗಸ್ಟ್ 11ರಂದು 538 ಪೌಂಡು, ಅಂದರೆ ಸುಮಾರು 244 ಕಿಲೋ ಲೋಹ ಕರಗಿಸಿದರು. ಅಚ್ಚು ಸೋರಿತು, ಕನ್ನಡಿ ಆರುವಾಗ ಸೀಳಿತು. ಮತ್ತೊಮ್ಮೆ ಪ್ರಯತ್ನಿಸಿದಾಗ ಕುಲುಮೆಯೇ ಸೋರಿ, ಕಾದ ಲೋಹ ಕಲ್ಲುಹಾಸಿನ ಮೇಲೆ ಹರಿಯಿತು. ಹಾಸುಗಲ್ಲುಗಳು ಸಿಡಿದು ಸೂರಿಗೆ ಬಡಿದವು. ಎಲ್ಲರೂ ಹೊರಗೋಡಿದರು, ಬಳಲಿದ ವಿಲಿಯಂ ಇಟ್ಟಿಗೆ ಚೂರುಗಳ ರಾಶಿಯ ಮೇಲೆ ಕುಸಿದ. ಆ ಕನ್ನಡಿಯ ಯೋಜನೆ ಅಲ್ಲಿಗೇ ನಿಂತಿತು.

ಈ ದುರಂತವನ್ನು ಹೇಳದ ಹರ್ಷೆಲ್ ಚರಿತ್ರೆ ಇಲ್ಲವೆನ್ನಬಹುದು. ಸದ್ದಿಲ್ಲದೆ ಆದ ಇನ್ನೊಂದು ನಷ್ಟಕ್ಕೆ ಅಷ್ಟು ಜಾಗ ಸಿಗುವುದಿಲ್ಲ. 1778ರಲ್ಲಿ ಕ್ಯಾರೊಲಿನ್ ಹ್ಯಾಂಡೆಲ್‌ನ ‘ಮೆಸ್ಸಾಯ’ದಲ್ಲಿ ಮುಖ್ಯ ಗಾಯಕಿಯಾಗಿ ಹಾಡಿದಳು. ಬರ್ಮಿಂಗ್‌ಹ್ಯಾಮ್‌ನ ಸಂಗೀತೋತ್ಸವದಿಂದ ಕರೆಯೂ ಬಂತು. ಅಣ್ಣನ ನಿರ್ದೇಶನವಿಲ್ಲದ ಕಡೆ ಹಾಡುವುದಿಲ್ಲವೆಂದು ಆಕೆ ಒಪ್ಪಲಿಲ್ಲ. ಅಣ್ಣನಿಗೋ ಸಂಗೀತಕ್ಕೆ ಸಿಗುವ ಹೊತ್ತು ದಿನೇ ದಿನೇ ಕಡಿಮೆಯಾಗುತ್ತಿತ್ತು. 1782ರಲ್ಲಿ ದೊರೆ ಮೂರನೆಯ ಜಾರ್ಜ್ ವಿಲಿಯಂಗೆ ವರ್ಷಕ್ಕೆ 200 ಪೌಂಡು ವೇತನ ಗೊತ್ತುಮಾಡಿದ. ಕುಟುಂಬ ಬಾತ್ ಬಿಟ್ಟಿತು, ಕ್ಯಾರೊಲಿನ್‌ಳ ಕಛೇರಿಗಳೂ ಮುಗಿದವು.

ಹಾಗೆಂದು ಆಕೆಯನ್ನು ಬರೀ ಬಲಿಪಶು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಲದ್ದಿ ಜರಡಿ ಹಿಡಿದ ಆಕೆಯೇ ಮುಂದೆ ಎಂಟು ಧೂಮಕೇತುಗಳನ್ನು ಕಂಡಳು, ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಯ ಚಿನ್ನದ ಪದಕ ಪಡೆದಳು. 1787ರಲ್ಲಿ ದೊರೆ ಆಕೆಗೂ ವರ್ಷಕ್ಕೆ 50 ಪೌಂಡು ಕೊಡತೊಡಗಿದ. ಆಗ ಆಕೆಗೆ 37 ವರ್ಷ. ತನ್ನಿಷ್ಟದಂತೆ ಖರ್ಚುಮಾಡಬಹುದು ಎನಿಸಿದ ಮೊದಲ ಹಣ ಅದು ಎಂದು ಆಕೆ ಬರೆದುಕೊಂಡಿದ್ದಾಳೆ. ಅಂದರೆ ಕುಟ್ಟಿದ್ದು, ಉಣಿಸಿದ್ದು, ನಕಲು ಬರೆದದ್ದು ಎಲ್ಲವೂ ಅಲ್ಲಿಯವರೆಗೆ ‘ಮನೆಯ ಕೆಲಸ’ದ ಲೆಕ್ಕದಲ್ಲಿ ಸೇರಿಹೋಗಿತ್ತು.

ಕಾರ್ಯಾಗಾರ ಮನೆಯೊಳಗೆ ಬಂದಾಗ ಕೂಲಿಯ ಲೆಕ್ಕ ಅಳಿಸಿಹೋಗುವುದು ಹೀಗೆ. ಕಾರ್ಖಾನೆಯ ದುಡಿಮೆಯನ್ನು ಹಾಜರಿ ಪುಸ್ತಕದಲ್ಲಿ ಹುಡುಕಬಹುದು. ಮನೆಯೊಳಗಿನದಕ್ಕೆ ಅಂಥ ಪುಸ್ತಕವಿಲ್ಲ. ಕ್ಯಾರೊಲಿನ್ ಬರೆದಿಟ್ಟದ್ದರಿಂದ, ಅದು ಆಕೆ ತೀರಿಕೊಂಡ ಮೇಲೆ 1876ರಲ್ಲಿ ಅಚ್ಚಾದದ್ದರಿಂದ, ಈ ಒಂದು ಮನೆಯ ಲೆಕ್ಕ ನಮಗೆ ದಕ್ಕಿದೆ. ನ್ಯೂ ಕಿಂಗ್ ಸ್ಟ್ರೀಟ್‌ನ ಆ ಮನೆ ಈಗ ವಸ್ತುಸಂಗ್ರಹಾಲಯ. ಒಡೆದ ಹಾಸುಗಲ್ಲುಗಳನ್ನು ಅಲ್ಲಿ ಇಂದಿಗೂ ನೋಡಬಹುದು. ಜರಡಿ ಹಿಡಿದ ಕೈಗಳನ್ನು ಕಾಣಬೇಕಾದರೆ ಕ್ಯಾರೊಲಿನ್‌ಳ ಪುಸ್ತಕವನ್ನೇ ತೆರೆಯಬೇಕು.