ಹಟ್ಟಿಯ ಮರದ ತುಂಡು

ಮುಕ್ಕುಂದದ ಕಡೆಯಿಂದ ಸಿಂಧನೂರು ದಾಟಿ ಮಸ್ಕಿಗೆ ಹೋಗುವವರ ಕಣ್ಣಿಗೆ ಬೀಳುವುದು ಎಡದಂಡೆ ಕಾಲುವೆಯ ಬತ್ತದ ಗದ್ದೆ, ಚಿನ್ನದ ಸುಳಿವಲ್ಲ. ಆದರೆ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಕಂಡವರು ಪುರಾತತ್ವದವರಲ್ಲ, ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್. ಅಲ್ಲಿಂದಲೇ ಒಂದು ಊಹೆ ಹುಟ್ಟಿತು: ಅಶೋಕನನ್ನು ಇಲ್ಲಿಗೆ ಎಳೆದದ್ದು ಚಿನ್ನ.

ಊಹೆ ಚೆಂದ, ಪುರಾವೆ ತೆಳು. ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರಿದೆ, ಚಿನ್ನದ ಮಾತಿಲ್ಲ. ಬ್ರಹ್ಮಗಿರಿಯಲ್ಲಿರುವ ಅವನದೇ ಶಾಸನದಲ್ಲಿ ಸುವರ್ಣಗಿರಿ ಎಂಬ ಊರಿನ ಹೆಸರು ಬರುತ್ತದೆ. ಅದು ಮಸ್ಕಿಯೇ ಎಂದವರಿದ್ದಾರೆ, ಕನಕಗಿರಿ ಎಂದವರೂ ಇದ್ದಾರೆ, ಆಂಧ್ರದ ಜೊನ್ನಗಿರಿಯತ್ತ ಕೈ ತೋರಿದವರೂ ಇದ್ದಾರೆ. ಹೆಸರು ಹಿಡಿದು ಹೊರಟರೆ ದಾರಿ ಇಲ್ಲಿಗೇ ಮುಗಿಯುತ್ತದೆ.

ಹಾಗಾಗಿ ಚಿನ್ನದ ಗಣಿಯಿರುವ ಲಿಂಗಸುಗೂರಿನ ಹಟ್ಟಿಗೆ ಬರಬೇಕು. ಹಿಂದಿನವರು ಬಂಡೆಗೆ ಬೆಂಕಿ ಹಾಕಿ, ಕಾದಾಗ ನೀರು ಸುರಿದು ಸೀಳುತ್ತ, ಬೆಣಚುಕಲ್ಲಿನ ಎಳೆ ಹಿಡಿದು ಇಳಿದಿದ್ದರು. 640 ಅಡಿವರೆಗೂ ಹೋಗಿದ್ದರೆಂದು ವರದಿಗಳು ಹೇಳುತ್ತವೆ. ಆ ಹಳೆಗಣಿಯ ಆಳದಲ್ಲಿ ಸಿಕ್ಕ ಮರದ ಇಂಗಾಲ ಪರೀಕ್ಷೆ ತೋರಿಸಿದ್ದು ಸುಮಾರು 1900 ವರ್ಷ. ಅಶೋಕನಿಗಿಂತ ಮೂರು ಶತಮಾನ ಈಚೆ! ವಾದ ಬಿತ್ತು ಎನ್ನೋಣವೇ?

ತಡೆಯಿರಿ. ಗಣಿಯನ್ನು ಅಗೆಯುವುದು ಮೇಲಿಂದ ಕೆಳಕ್ಕೆ. ಆಳದ ಮರ ಹೇಳುವುದು ಆ ಆಳಕ್ಕೆ ಆಸರೆ ಕೊಟ್ಟ ಕಾಲವನ್ನು. ಮೊದಲ ಗುದ್ದಲಿ ಬಿದ್ದದ್ದು ಅದಕ್ಕೂ ಮುಂಚೆ. ಎಷ್ಟು ಮುಂಚೆ ಎಂಬುದಕ್ಕೆ ಮರ ಸಾಕ್ಷಿ ನುಡಿಯದು. ಇನ್ನೊಂದು ಎಚ್ಚರ: ಮುದಿಮರದ ತಿರುಳಿನ ವಯಸ್ಸು ಅದನ್ನು ಕಡಿದ ದಿನಕ್ಕಿಂತ ಹಿಂದಿನದು. ಒಂದು ತರ್ಕ ಕಾಲವನ್ನು ಹಿಂದಕ್ಕೆಳೆದರೆ ಇನ್ನೊಂದು ಮುಂದಕ್ಕೆ ತಳ್ಳುತ್ತದೆ. ನನ್ನ ತೂಕದಲ್ಲಿ ಮೊದಲನೆಯದೇ ಭಾರ: 640 ಅಡಿ ಒಂದು ತಲೆಮಾರಿನ ಕೆಲಸವಲ್ಲ.

ಗಣಿ ಯೋಜನೆ ಮಾಡುವವರು ಹಳೆಗುಂಡಿಯ ಮುಂದೆ ನಿಂತಾಗಲೂ ಇದೇ ಬಗೆಯ ಲೆಕ್ಕ. ಇಲ್ಲಿ ಅದಿರಿತ್ತು ಎಂಬುದಕ್ಕೆ ಗುಂಡಿ ಸಾಕ್ಷಿ, ಉಳಿದಿದೆ ಎಂಬುದಕ್ಕಲ್ಲ. ಹಿಂದಿನವರು ಕೈಬಿಟ್ಟದ್ದು ಎಳೆ ಮುಗಿದು ಹೋಗಿದ್ದಕ್ಕೋ, ನೀರು ತುಂಬಿದ್ದಕ್ಕೋ? ನೀರಾದರೆ ಪಂಪು ಸಾಕು. ಎಳೆಯಾದರೆ ಹಾಕಿದ ದುಡ್ಡು ಮಣ್ಣುಪಾಲು. ಅದಕ್ಕೇ ಡ್ರಿಲ್ ಇಳಿಸಿ, ಕೋರ್ ತೆಗೆದು, ಟನ್ನಿಗೆ ಎಷ್ಟು ಗ್ರಾಂ ಎಂದು ನೋಡುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಹಟ್ಟಿಗಿಳಿದ ಕಂಪನಿ ಕೈಬಿಟ್ಟಿತು. 1947ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಗೋಲ್ಡ್ ಮೈನ್ಸ್ ಅದೇ ನೆಲಕ್ಕೆ ಮರಳಿತು. ಇಂದಿನ ಹಟ್ಟಿ ಚಿನ್ನದ ಗಣಿ ಅದರ ಮುಂದುವರಿಕೆ.

ಅಶೋಕನ ಪ್ರಶ್ನೆಗೆ ಉತ್ತರ ಇರಬೇಕಾದದ್ದು ಹಳೆಗಣಿಯ ಮೇಲ್ಭಾಗದಲ್ಲಿ. ಹಿಂದಿನವರು ಮೊದಲು ಅಗೆದು ಖಾಲಿ ಮಾಡಿದ್ದೂ ಅದನ್ನೇ.