ವಿದ್ಯುತ್ತಂತ್ರದ ವಿದ್ಯಾರ್ಥಿಗಳೂ ಸಂಘಕಾರ್ಯವೂ

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವನ್ನು ತುಂಬಿ, ಅಮೃತೂರಿನ ಸೀಮೆಯನ್ನು ಬಳಸಿ ದಕ್ಷಿಣಕ್ಕೆ ಇಳಿಯುವ ಶಿಂಷಾನದಿಯು ಶಿವನಸಮುದ್ರದ ಕೆಳಭಾಗದಲ್ಲಿ ಕಾವೇರಿಯನ್ನು ಸೇರುವುದು. ಕನ್ನಡ ನಾಡಿನ ವಿದ್ಯುತ್ತಿನ ಚರಿತ್ರೆಯಲ್ಲಿ ಆ ಶಿವನಸಮುದ್ರದ ಹೆಸರು ದೊಡ್ಡದು. 1902ನೆಯ ಇಸವಿ ಜೂನ್ 30ರಂದು ಅಲ್ಲಿಯ ಜಲಪಾತದ ಶಕ್ತಿಯು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಈ ಕಾರ್ಯದ ಕೀರ್ತಿಯನ್ನು ದಿವಾನ್ ಶೇಷಾದ್ರಿ ಅಯ್ಯರವರಿಗೂ ಇಂಜನಿಯರ್ ಜೋಲಿ ಡಿ ಲಾಟ್‌ಬಿನಿಯೆರರಿಗೂ ಸಲ್ಲಿಸುವುದು ವಾಡಿಕೆ, ಸಲ್ಲಿಸತಕ್ಕುದೂ ಹೌದು. ಆದರೆ ಶೇಷಾದ್ರಿ ಅಯ್ಯರವರು 1901ರಲ್ಲಿಯೇ ತೀರಿಕೊಂಡಿದ್ದರು. ನೀರಿನ ಚಕ್ರಗಳು ಜ್ಯೂರಿಕ್ಕಿನ ಎಷರ್ ವೀಸ್ ಕಾರ್ಖಾನೆಯವು. ವಿದ್ಯುದ್ಯಂತ್ರಗಳು ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಶಕ್ತಿಯನ್ನು ಕೊಳ್ಳುವವರು ಗಣಿಗಳ ಆಂಗ್ಲ ಒಡೆಯರು. ಕಲ್ಲು ಕಡಿದು ಕಂಬ ನೆಟ್ಟವರು ನಾಡಿನ ಕೂಲಿಕಾರರು. ಇಷ್ಟು ಬಗೆಯ ಜನರು ಒಬ್ಬರ ಮಾತನ್ನೊಬ್ಬರು ತಿಳಿಯದೆ ಹೋಗಿದ್ದರೆ ತಂತಿಯಲ್ಲಿ ಶಕ್ತಿಯು ಹರಿಯುತ್ತಿರಲಿಲ್ಲ. ಆ ತಿಳಿವಳಿಕೆಯು ಹೇಗೆ ಉಂಟಾಯಿತೆಂಬುದನ್ನು ಚರಿತ್ರೆಕಾರರು ಅಷ್ಟಾಗಿ ವಿಚಾರಿಸಿಲ್ಲ.

ವಿದ್ಯಾಶಾಲೆಗಳ ಚರಿತ್ರೆಯಲ್ಲಿಯೂ ಇದೇ ಲೋಪವು ಕಂಡುಬರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1911ರಲ್ಲಿ ವಿದ್ಯುತ್ತಂತ್ರದ ಶಾಖೆಯು ಏರ್ಪಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಸಂಸ್ಥಾನದ ಇಂಜನಿಯರಿಂಗ್ ಕಾಲೇಜು ಹುಟ್ಟಿತು. ಆದರೆ ಪರೀಕ್ಷೆಯ ಪದ್ಧತಿಯು ಒಬ್ಬೊಬ್ಬನನ್ನೂ ಬೇರೆ ಬೇರೆ ಕೂರಿಸಿ, ನೆರೆಯವನೊಡನೆ ಮಾತನಾಡುವುದನ್ನೇ ಅಪರಾಧವೆಂದೆಣಿಸತಕ್ಕುದು. ಹಾಗೆ ಕಲಿತವನು ಕೆಲಸಕ್ಕೆ ಸೇರಿದ ದಿನವೇ ನೆರೆಯವನನ್ನು ಕೇಳದೆ ಒಂದು ಕೀಲನ್ನೂ ತಿರುಗಿಸಲಾರನು! ಈ ಕೊರತೆಯನ್ನು ತುಂಬುವ ಉಪಾಯವಾಗಿ ಕಡೆಯ ವರ್ಷದಲ್ಲಿ ಮೂರು ನಾಲ್ಕು ಮಂದಿ ಸೇರಿ ಒಂದು ಯಂತ್ರವನ್ನೋ ಮಂಡಲವನ್ನೋ ರಚಿಸುವ ನಿಯಮವು ಬೇರೂರಿತು. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಲಿಯು 1977-78ರಿಂದ ಇಂತಹ ವಿದ್ಯಾರ್ಥಿ ಯೋಜನೆಗಳಿಗೆ ಧನಸಹಾಯವನ್ನಿತ್ತು, ಅವುಗಳ ಪ್ರದರ್ಶನವನ್ನೂ ಗೋಷ್ಠಿಯನ್ನೂ ನಡೆಸುತ್ತ ಬಂದಿದೆ.

ಇಂತಹ ಯೋಜನೆಯಲ್ಲಿ ಕೆಡುವುದು ಸಾಮಾನ್ಯವಾಗಿ ವಿದ್ಯುತ್ತಿನ ಸೂತ್ರವಲ್ಲ, ಮಾತು. ಹಳೆಯ ಕಾವ್ಯಗಳ ಸಂಪಾದಕರಿಗೆ ಇದು ಸುಲಭವಾಗಿ ಮನದಟ್ಟಾದೀತು. ಒಂದು ಮಂಡಲದ ನಕ್ಷೆಯನ್ನು ನಾಲ್ವರು ನಕಲು ಮಾಡಿಕೊಳ್ಳುವರು. ಒಬ್ಬನು ತನ್ನ ಪ್ರತಿಯಲ್ಲಿ ಒಂದು ತಿದ್ದುಪಡಿಯನ್ನು ಮಾಡಿ ಉಳಿದವರಿಗೆ ತಿಳಿಸಲು ಮರೆಯುವನು. ಅಲ್ಲಿಗೆ ಪಾಠಾಂತರವು ಹುಟ್ಟಿತು. ಓಲೆಯ ಪ್ರತಿಯಲ್ಲಿ ಪಾಠಾಂತರದಿಂದ ಅರ್ಥವೊಂದು ಕೆಟ್ಟರೆ, ಇಲ್ಲಿ ಉಪಕರಣವೇ ಸುಟ್ಟುಹೋಗುವುದು. ಜೋಡಣೆಯ ಕೊಂಡಿಯ ಮುಳ್ಳುಗಳನ್ನು ಒಬ್ಬನು ಮುಂದಿನಿಂದ ನೋಡಿ ಎಣಿಸುವನು, ಇನ್ನೊಬ್ಬನು ಹಿಂದಿನಿಂದ. ಇಬ್ಬರ ಎಣಿಕೆಯೂ ಸರಿ, ಜೋಡಣೆ ಮಾತ್ರ ತಲೆಕೆಳಗು. ಬ್ಯಾಟರಿಯ ಶಕ್ತಿಯಾದರೋ ಒಟ್ಟು ಕುಟುಂಬದ ಕಣಜದಂತೆ. ಪ್ರತಿಯೊಂದು ಭಾಗದವನೂ ತನಗೆ ಬೇಕಾದುದನ್ನು ಮೊದಲೇ ಹೇಳಿ ಬರೆಯಿಸದಿದ್ದರೆ, ಎಲ್ಲ ಭಾಗಗಳೂ ಬೇರೆ ಬೇರೆಯಾಗಿ ಚೆನ್ನಾಗಿ ನಡೆದು, ಕೂಡಿಸಿದೊಡನೆ ನಿಂತುಹೋಗುವುವು.

ತಪ್ಪನ್ನು ಕಂಡವನು ಅದನ್ನು ಹೇಳಬೇಕಷ್ಟೆ. ಹೇಳುವುದು ಯಾವ ಭಾಷೆಯಲ್ಲಿ? ಅಮೃತೂರಿನಂತಹ ಊರಿನ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ತುಮಕೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಇಂಜನಿಯರಿಂಗ್ ಕಾಲೇಜನ್ನು ಸೇರುವ ವಿದ್ಯಾರ್ಥಿಯು ತಂತಿಯನ್ನು ಬೆಸೆಯುವುದರಲ್ಲಿ ಯಾರಿಗೂ ಕಡಿಮೆಯಲ್ಲದಿದ್ದರೂ, ಇಂಗ್ಲಿಷಿನಲ್ಲಿ ನಡೆಯುವ ಚರ್ಚೆಯಲ್ಲಿ ಬಾಯಿ ಕಟ್ಟಿ ಕುಳಿತುಕೊಳ್ಳುವನು. ಅವನು ಕಂಡ ದೋಷವು ಅವನಲ್ಲಿಯೇ ಉಳಿಯುವುದು. ಇದರಿಂದ ನಷ್ಟವು ಅವನೊಬ್ಬನಿಗಲ್ಲ, ಸಂಘಕ್ಕೆಲ್ಲ. ಈ ಕಷ್ಟವನ್ನು ಬಹಳ ಹಿಂದೆಯೇ ಕಂಡವರು ಇದೇ ತುಮಕೂರು ಜಿಲ್ಲೆಯ ಬೆಳ್ಳಾವೆಯವರಾದ ವೆಂಕಟನಾರಣಪ್ಪನವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಸಾಹಿತ್ಯದ ಚರಿತ್ರೆಯಲ್ಲಿ ಆ ಪತ್ರಿಕೆಯನ್ನು ಪಾರಿಭಾಷಿಕ ಪದಗಳ ಸಲುವಾಗಿ ನೆನೆಯುವುದುಂಟು. ಅದರ ಬೆಲೆಯು ಅಷ್ಟಕ್ಕೇ ಮುಗಿಯದು; ಕೆಲಸದ ಮನೆಯಲ್ಲಿ ಒಬ್ಬನು ಇನ್ನೊಬ್ಬನಿಗೆ ತನ್ನ ನುಡಿಯಲ್ಲಿ ವಿಷಯವನ್ನು ತಿಳಿಸಬಲ್ಲನೆಂಬ ಧೈರ್ಯವನ್ನು ಅದು ಕೊಟ್ಟಿತು. ಸಂಸ್ಕೃತದ ಉದ್ದನೆಯ ಸಮಾಸಗಳಿಂದ ಆ ಧೈರ್ಯವು ಎಷ್ಟರಮಟ್ಟಿಗೆ ಉಳಿಯಿತೆಂಬುದು ಬೇರೆ ಮಾತು. ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ 'ಕರೆಂಟು', 'ವೈರು', 'ಫ್ಯೂಸು' ಎಂದೇ ಕನ್ನಡದ ವಿಭಕ್ತಿಗಳನ್ನು ಹಚ್ಚಿ ಮಾತನಾಡಿ, ದೋಷವನ್ನು ಬೇಗನೆ ಕಂಡುಕೊಳ್ಳುವರು.

ತಪ್ಪನ್ನು ತೋರಿಸುವುದು ಅವಮಾನವಾಗುವ ಭಯವೂ ಉಂಟು. ತುಮಕೂರಿನ ಬಳಿಯ ಕೈದಾಳದಲ್ಲಿ ಚೆನ್ನಕೇಶವನ ಗುಡಿಯೊಂದಿದೆ. ಬೇಲೂರಿನಲ್ಲಿ ಜಕಣಾಚಾರಿಯು ಕಡೆದ ವಿಗ್ರಹದ ಕಲ್ಲಿನೊಳಗೆ ಕಪ್ಪೆಯಿದೆಯೆಂದು ಹುಡುಗನೊಬ್ಬನು ಹೇಳಿದನೆಂದೂ, ಗಂಧವನ್ನು ಹಚ್ಚಿ ನೋಡಲಾಗಿ ಆ ಮಾತು ನಿಜವಾಗಿ ಶಿಲ್ಪಿಯು ತನ್ನ ಬಲಗೈಯನ್ನು ಕಡಿದುಕೊಂಡನೆಂದೂ, ಕೈದಾಳದಲ್ಲಿ ಗುಡಿಯನ್ನು ಕಟ್ಟಿ ಅದನ್ನು ಮರಳಿ ಪಡೆದನೆಂದೂ ಐತಿಹ್ಯವು ಹೇಳುವುದು. ಗಂಧವನ್ನು ಹಚ್ಚಿ ನೋಡಿದುದು ಉತ್ತಮವಾದ ಪರೀಕ್ಷೆ. ಕೈ ಕಡಿದುಕೊಂಡುದು ಅನಗತ್ಯ. ಬೇಲೂರಿನ ಶಾಸನಗಳಲ್ಲಿ ಜಕಣನ ಹೆಸರಿಲ್ಲ. ಅಲ್ಲಿಯ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ತಾವು ಕಡೆದ ವಿಗ್ರಹಗಳಿಗೆ ತಮ್ಮ ತಮ್ಮ ಹೆಸರನ್ನು ಕೊರೆದಿದ್ದಾರೆ. ಕಟ್ಟಡವು ಎಲ್ಲರದು, ಹೊಣೆಯು ಒಬ್ಬೊಬ್ಬನದು ಎಂಬ ಈ ಏರ್ಪಾಡನ್ನು ಕಾಲೇಜಿನ ವರದಿಗಳು ಅನುಸರಿಸುತ್ತಿದ್ದರೆ ಒಳ್ಳೆಯದಾಗುತ್ತಿದ್ದಿತು. ಅವುಗಳಲ್ಲಿ ನಾಲ್ಕು ಹೆಸರುಗಳು ಸಾಲಾಗಿ ನಿಲ್ಲುವುವು. ಯಾವನು ಬೆಸೆದನು, ಯಾವನು ಬರೆದನು, ಯಾವನು ಬರಿಯ ಸಹಿಯನ್ನು ಹಾಕಿದನು ಎಂಬುದು ತಿಳಿಯದು.

ಇಂತಹ ವಿದ್ಯಾರ್ಥಿ ಕಾರ್ಯಗಳಲ್ಲಿ ಚರಿತ್ರೆಗೆ ಸೇರಿದುದು 'ಸ್ಟಡ್‌ಸ್ಯಾಟ್'. ಬೆಂಗಳೂರು ಮತ್ತು ಹೈದರಾಬಾದುಗಳ ಏಳು ಇಂಜನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ರಚಿಸಿದ ಈ ಪುಟ್ಟ ಉಪಗ್ರಹದ ತೂಕವು ಒಂದು ಕಿಲೋಗ್ರಾಮಿಗೂ ಕಡಿಮೆ. ಭಾರತದಲ್ಲಿ ವಿದ್ಯಾರ್ಥಿಗಳಿಂದ ಸಿದ್ಧವಾದ ಮೊದಲನೆಯ ಪೀಕೋ ಉಪಗ್ರಹವಿದು. ಎರಡು ಪಟ್ಟಣಗಳು, ಏಳು ವಿದ್ಯಾಶಾಲೆಗಳು, ಕನ್ನಡ ತೆಲುಗುಗಳ ಮನೆಮಾತು. ಸೌರಕೋಶಗಳು, ಬ್ಯಾಟರಿ, ಗಣಕ, ರೇಡಿಯೋ, ಕ್ಯಾಮರಾ ಎಲ್ಲವೂ ಒಂದು ಗೇಣಿನೊಳಗೆ ಅಡಗಬೇಕು. ಕ್ಯಾಮರಾದವರು ಒಂದಿಷ್ಟು ಹೆಚ್ಚು ಶಕ್ತಿಯನ್ನು ಬಯಸಿದರೆ ಅದು ರೇಡಿಯೋದವರ ಪಾಲಿನಿಂದಲೇ ಹೋಗಬೇಕು. ಮೇಲೇರಿದ ಬಳಿಕ ಬಿಚ್ಚಿ ತಿದ್ದುವಂತಿಲ್ಲವಾದುದರಿಂದ, ಕೇಳಬೇಕಾದ ಪ್ರಶ್ನೆಯನ್ನೆಲ್ಲ ನೆಲದ ಮೇಲೆಯೇ ಕೇಳಿ ಮುಗಿಸಬೇಕಾಗಿದ್ದಿತು. ನೆಲದಿಂದ ಮಾತನಾಡುವುದಕ್ಕಾಗಿ ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ವಿದ್ಯಾಲಯದಲ್ಲಿ ಒಂದು ನೆಲೆಯನ್ನು ಕಟ್ಟಿದರು. ಒಂದೂವರೆ ಗಂಟೆಗೆ ಸ್ವಲ್ಪ ಮಿಕ್ಕಿದ ಕಾಲದಲ್ಲಿ ಭೂಮಿಯನ್ನು ಸುತ್ತುವ ಇಂತಹ ಉಪಗ್ರಹವು ಒಂದು ಊರಿನ ಆಕಾಶದಲ್ಲಿ ತೋರುವುದು ಒಮ್ಮೆಗೆ ಕಾಲು ಗಂಟೆಯನ್ನು ಮೀರದು. ಅಷ್ಟರಲ್ಲಿ ಹೇಳಿ ಕೇಳಿ ಮುಗಿಸತಕ್ಕದ್ದು. 2010ನೆಯ ಇಸವಿ ಜುಲೈ 12ರಂದು ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ.-ಸಿ15 ವಾಹನವು ಕಾರ್ಟೋಸ್ಯಾಟ್-2ಬಿಯೊಡನೆ ಇದನ್ನೂ ಹೊತ್ತು ಮೇಲೇರಿತು. ಅದೇ ದಿನ ಯಲಹಂಕದ ನೆಲೆಯಲ್ಲಿ ಅದರ ಸಂಕೇತವು ಕೇಳಿಬಂದಿತು.